ಸುಳ್ಳು ನೀರು ಎರೆದುಕೊಂಡ ವರ್ಷ

ಹೋದ ತಿಂಗಳು ನಮ್ಮ ಓಣಿಯ ಸುವರ್ಣಾ ನನ್ನನ್ನು ಬೈಲಹೊಂಗಲದ ಪೇಟೆಗೆ ಎಳೆದುಕೊಂಡು ಹೋದಳು. ಅವಳ ಮಗಳಿಗೆ ಮೂರು ತಿಂಗಳು ತುಂಬಿವೆ, ಕಳ್ಳ ಕುಬಸಕ್ಕೆ ರವಿಕೆಯ ಖಣ ಆರಿಸಬೇಕು, ಹಿರಿಯರೊಬ್ಬರು ಜೊತೆಗಿದ್ದರೆ ಒಳ್ಳೆಯದು ಎಂದಳು. ಚೀಲ ಹಿಡಿಯಲು ಇನ್ನೊಂದು ಕೈ ಬೇಕಾಗಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅಂಗಡಿಯವನು ಹಸಿರು ಖಣದ ಥಾನು ಬಿಚ್ಚಿ ನನ್ನ ಮುಂದೆ ಹರಡಿದ. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು, ಅಷ್ಟೇ. ಎಪ್ಪತ್ತು ದಾಟಿದ ನಾನು ಥಾನನ್ನು ಹಿಂದಕ್ಕೆ ಸರಿಸಿದೆ.

"ಯಾಕ ಆಯಿ, ಬಣ್ಣ ಬರೋಬರಿ ಇಲ್ಲೇನು?" ಎಂದಳು ಸುವರ್ಣಾ.

"ಬಣ್ಣ ಭಾಳ ಚಂದ ಐತಿ," ಎಂದೆ. ಚೆಂದವೇ ಇತ್ತು.

ನಮ್ಮ ಕಡೆ ಬಸುರಿಗೆ ಐದನೆಯ ಅಥವಾ ಏಳನೆಯ ತಿಂಗಳಲ್ಲಿ ಊರಿಗೆಲ್ಲ ಹೇಳಿ ಕುಬಸ, ಅಂದರೆ ಸೀಮಂತ, ಮಾಡುತ್ತಾರೆ. ಅದಕ್ಕೂ ಮೊದಲು, ಮೂರನೆಯ ತಿಂಗಳಲ್ಲಿ, ತವರಿನವರು ಸದ್ದಿಲ್ಲದೆ ಬಂದು ಹಸಿರು ಸೀರೆ ಉಡಿಸಿ, ಹಸಿರು ಖಣದ ಕುಬಸ ತೊಡಿಸಿ, ಹಸಿರು ಬಳೆ ಇಡಿಸಿ, ಬಾಯಿ ಸಿಹಿ ಮಾಡಿ ಹೋಗುತ್ತಾರೆ. ಯಾರ ಕಣ್ಣೂ ತಾಗಬಾರದೆಂದು ಕದ್ದು ಮಾಡುವುದರಿಂದ ಅದಕ್ಕೆ ಕಳ್ಳ ಕುಬಸವೆಂದು ಹೆಸರು. ನನಗೂ ಅಂಥದೊಂದು ಕುಬಸ ಆಗಿತ್ತು. ಆಗ ನನ್ನ ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಎಪ್ಪತ್ತರ ದಶಕ ಅರ್ಧ ದಾಟಿದ್ದ ಕಾಲ. ನಮ್ಮ ಮನೆ ಇದೇ ಪೇಟೆಯ ಹಿಂದಿನ ಓಣಿಯಲ್ಲಿತ್ತು. ನಮ್ಮ ಯಜಮಾನರು ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ತೂಕದ ಗುಮಾಸ್ತರು. ಹತ್ತಿಯ ಸುಗ್ಗಿಯಲ್ಲಿ ಮನೆಗೆ ಬಂದರೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. ಇಪ್ಪತ್ತಾರರ ಗಂಡ ಬಾಗಿಲಲ್ಲಿ ಅರವತ್ತರ ಮುದುಕನಾಗಿ ನಿಲ್ಲುತ್ತಿದ್ದರು. ಮನೆಯಲ್ಲಿ ನಾವಿಬ್ಬರು, ಮತ್ತೆ ನನ್ನ ಅತ್ತೆ ಗಂಗವ್ವ. ಮಾವ ತೀರಿ ಬಹಳ ವರ್ಷಗಳಾಗಿದ್ದವು. ನನ್ನ ತವರು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು, ಆ ಜಂಬ ಸ್ವಲ್ಪ ಇತ್ತು. ಇಷ್ಟು ಓದಿದವಳು ಯಾರಿಗೂ ಗೊತ್ತಾಗದಂತೆ ಏನು ಬೇಕಾದರೂ ನಿಭಾಯಿಸಬಲ್ಲೆ ಎಂದುಕೊಂಡಿದ್ದೆ.

ಮೊದಲ ಹೆರಿಗೆ ತವರಿನಲ್ಲಿ. ಎರಡು ದಿನ ನೋವು ತಿಂದೆ. ಮೂರನೆಯ ದಿನ ರಾಮದುರ್ಗದಲ್ಲಿ ಆಗುವುದಿಲ್ಲವೆಂದು ಜೀಪಿನಲ್ಲಿ ಹಾಕಿ ಸವದತ್ತಿಗೆ ಒಯ್ದರು. ಅಲ್ಲಿ ತಮ್ಮದೇ ಸಣ್ಣ ದವಾಖಾನೆ ನಡೆಸುತ್ತಿದ್ದ ಡಾಕ್ಟರಬಾಯಿಯೊಬ್ಬರು ಇದ್ದರು; ಬಿಳಿ ಸೀರೆ, ಗಂಡಸರ ಕೈಗಡಿಯಾರ. ಅವರು ನನ್ನನ್ನು ಉಳಿಸಿದರು. ಮಗು ಅಳಲಿಲ್ಲ. ಅಳುವುದನ್ನು ಕೇಳಲು ನಾನು ಕಿವಿಕೊಟ್ಟು ಮಲಗಿದ್ದೆ, ಗೋಡೆಯಾಚೆ ಯಾರೋ ಬಕೆಟ್ ಎಳೆದ ಸದ್ದು ಬಂತು, ಬೇರೇನೂ ಬರಲಿಲ್ಲ.

"ಎರಡು ವರ್ಷ ನೀನು ಬಸುರಿ ಆಗಬಾರದು," ಎಂದರು ಡಾಕ್ಟರಬಾಯಿ, ನನ್ನ ಗಂಡನನ್ನೂ ಎದುರಿಗೆ ನಿಲ್ಲಿಸಿಕೊಂಡು. "ಬಸುರಾದ್ರ, ಈ ಸಲದಂಗ ನಾ ಉಳಸ್ತೇನಿ ಅಂತ ತಿಳೀಬ್ಯಾಡ್ರಿ."

ಅದಕ್ಕೊಂದು ಸೂಜಿ ಇದೆ ಎಂದರು. ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಬಸುರು ನಿಲ್ಲುವುದಿಲ್ಲ. ಮುಂಬಯಿಯಿಂದ ಬರುವ ಪರಿಚಯದವರು ಅವರಿಗೆ ತಂದುಕೊಡುತ್ತಿದ್ದರು. ನಮ್ಮ ಕಡೆ ಆಗ ಯಾರೂ ಅದರ ಹೆಸರನ್ನೇ ಕೇಳಿರಲಿಲ್ಲ. ಕುಟುಂಬ ಯೋಜನೆ ಎಂದರೆ ಆಪರೇಷನ್ ಒಂದೇ ಎಂದು ಜನ ತಿಳಿದಿದ್ದರು. ಆಪರೇಷನ್ನಿಗೆ ಹಿಡಿದೊಯ್ಯುವ ಸರಕಾರಿ ಜೀಪಿನ ಸದ್ದು ಕೇಳಿದರೆ ಗಂಡಸರು ಸಂತೆ ಬಿಟ್ಟು ಓಡುತ್ತಿದ್ದ ವರ್ಷಗಳು ಅವು. ಅತ್ತೆಯ ಮುಂದೆ ಏನೆಂದು ಹೇಳುವುದು? ಶಕ್ತಿ ಬರುವ ಸೂಜಿ ಎಂದೆವು. ಅತ್ತೆ ನಂಬಿದರು, ನಂಬಿದ್ದಷ್ಟೇ ಅಲ್ಲ, ನೆರೆಯವರ ಮುಂದೆ ಹೆಮ್ಮೆ ಪಟ್ಟರು. "ನಮ್ಮ ನೀಲವ್ವಗ ಮೂರು ತಿಂಗಳಿಗೊಮ್ಮಿ ಸವದತ್ತಿಯೊಳಗ ಶಕ್ತಿ ಸೂಜಿ. ಎಂಥಾ ಮನಿಗೆ ಬಂದಾಳ ನೋಡ್ರಿ!"

ಡಾಕ್ಟರಬಾಯಿ ಇನ್ನೊಂದು ಮಾತನ್ನೂ ಹೇಳಿದ್ದರು, ಅದನ್ನು ಮರೆಮಾಚುವುದು ತಪ್ಪಾಗುತ್ತದೆ. "ಬಿಟ್ಟ ಕೂಡ್ಲೆ ಎಲ್ಲಾ ಮೊದಲಿನಂಗ ಆಗೂದಿಲ್ಲ. ತಡ ಆಗಬಹುದು." ಅದು ನನ್ನ ಕಿವಿಗೆ ಬಿದ್ದಿತ್ತು. ಆದರೆ ಆ ಹೊತ್ತಿಗೆ ನನಗೆ ಸಾಯದಿರುವುದಷ್ಟೇ ಬೇಕಾಗಿತ್ತು.

ಸೂಜಿ ಶುರುವಾದ ಮೇಲೆ ಮೊದಲು ಹೊತ್ತಿಲ್ಲ ಗೊತ್ತಿಲ್ಲ ಎಂದು ಕಾಣಿಸಿಕೊಂಡು, ಆಮೇಲೆ ನನ್ನ ಮುಟ್ಟು ಪೂರ್ತಿ ನಿಂತುಹೋಯಿತು. ಅಲ್ಲಿಂದ ನನ್ನ ಕಳ್ಳಾಟ ಶುರುವಾಯಿತು. ನಮ್ಮ ಮನೆಯಲ್ಲಿ ದೂರ ಕೂರುವ ಪದ್ಧತಿ ಇರಲಿಲ್ಲ. ಆದರೆ ಮೂರು ದಿನ ದೇವರ ಜಗಲಿ ಮುಟ್ಟುವಂತಿರಲಿಲ್ಲ, ನಾಲ್ಕನೆಯ ದಿನ ತಲೆಗೆ ನೀರು ಎರೆದುಕೊಳ್ಳಲೇಬೇಕು. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ, ಮನೆಯ ಹೆಂಗಸರ ನೀರಿನ ಲೆಕ್ಕ ಮಾತ್ರ ಬೆರಳ ತುದಿಯಲ್ಲಿ. ಯಾರು ಯಾವ ವಾರ ಎರೆದುಕೊಂಡರು, ಯಾರದು ಎಷ್ಟು ದಿನ ಮುಂದೆ ಹೋಯಿತು ಎನ್ನುವುದನ್ನು ಓಣಿಯ ನಾಲ್ಕು ಮನೆಗಳದ್ದು ಹೇಳಬಲ್ಲವರು. ಹಾಗಾಗಿ ನಾನು ಅಡುಗೆಮನೆಯ ಕ್ಯಾಲೆಂಡರು ನೋಡಿ ಪ್ರತಿ ತಿಂಗಳು ಮೂರು ದಿನ ಜಗಲಿಯಿಂದ ಹಿಂದೆ ಸರಿದು ನಿಲ್ಲುತ್ತಿದ್ದೆ. ನಾಲ್ಕನೆಯ ಬೆಳಿಗ್ಗೆ ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ, ಹಂಡೆ ತುಂಬ ನೀರು ಕಾಯಿಸಿ, ಸುಳ್ಳೇ ಎರೆದುಕೊಳ್ಳುತ್ತಿದ್ದೆ. ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟು ಅತ್ತೆಯ ಕಣ್ಣ ಮುಂದೆ ಎರಡು ಸಲ ಓಡಾಡಿದರೆ ಆ ತಿಂಗಳಿಗೆ ಮುಗಿಯಿತು.

ಎರಡು ವರ್ಷ ತುಂಬಿತು. ದೀಪಾವಳಿ ಕಳೆದು ಬರುವ ಗೌರಿ ಹುಣ್ಣಿಮೆಯ ಮರುದಿನ ಕೊನೆಯ ಸೂಜಿ. ಇನ್ನು ಸಾಕು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಒಂದು ಸುಳ್ಳು ನೀರು ಎರೆದುಕೊಂಡೆ. ಅದೇ ಕೊನೆಯದು ಎಂದು ಮನಸ್ಸಿನಲ್ಲಿ ಆಣೆ ಮಾಡಿದೆ. ಸುಳ್ಳು ಮಾಡುತ್ತ ಹೋದರೆ ನಿಜವಾದದ್ದು ಬರುವುದೇ ಇಲ್ಲ ಎಂಬ ಭಯ ಹೊಕ್ಕಿತ್ತು. ಮುಲ್ಕಿ ಪಾಸಾದವಳ ಬುದ್ಧಿ ಅದು.

ನಿಜವಾದದ್ದು ಬರಲಿಲ್ಲ. ಹತ್ತಿಯ ಗಾಡಿಗಳು ಪೇಟೆ ತುಂಬ ಸಾಲುಗಟ್ಟಿ ನಿಂತವು, ಜಿನ್ನಿನ ಸದ್ದು ಬೆಳಗಿನಿಂದ ಸಂಜೆಯವರೆಗೆ, ಒಣಗಹಾಕಿದ ಹಪ್ಪಳದ ಮೇಲೂ ಹತ್ತಿಯ ಎಳೆ. ಹೋಳಿ ಹೋಯಿತು, ಯುಗಾದಿ ಹೋಯಿತು. ದಿನಾ ಬೆಳಿಗ್ಗೆ ಎದ್ದ ಕೂಡಲೇ ನನ್ನ ಬಟ್ಟೆ ನೋಡಿಕೊಳ್ಳುತ್ತಿದ್ದೆ. ಏನೂ ಇಲ್ಲ. ಬಸುರೇ ಇರಬಹುದಲ್ಲ ಎಂದು ಒಮ್ಮೊಮ್ಮೆ ಆಸೆ ಏಳುತ್ತಿತ್ತು. ಆದರೆ ಮೊದಲ ಸಲ ಒಗ್ಗರಣೆಯ ವಾಸನೆಗೇ ಓಡುತ್ತಿದ್ದವಳು ಈಗ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದೆ. ಸೂಜಿಯಿಂದ ಮೈ ಬೇರೆ ಊದಿಕೊಂಡಿತ್ತು. ಒಳಗೆ ಎಲ್ಲ ಒಣಗಿಹೋಗಿದೆ, ನಾನೇ ದುಡ್ಡು ಕೊಟ್ಟು ಒಣಗಿಸಿಕೊಂಡೆ ಎನಿಸುತ್ತಿತ್ತು. ಗಂಡನ ಮುಂದೆ ಹೇಳಿದರೆ ಅವರು ಮೀಸೆಯ ಹತ್ತಿ ಒರೆಸಿಕೊಳ್ಳುತ್ತ, "ತಡಿ, ಇನ್ನೊಂದು ತಿಂಗಳು ನೋಡೋಣು," ಎನ್ನುತ್ತಿದ್ದರು.

ಆದರೆ ಇನ್ನೊಬ್ಬರು ಎಣಿಸುತ್ತಿದ್ದರು. ಒಂದು ಮಧ್ಯಾಹ್ನ ಅತ್ತೆ ಜೋಳ ಹಸನು ಮಾಡುತ್ತ ಕುಳಿತವರು ಮೊರ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು.

"ಮೂರು ತಿಂಗಳಾತು, ಹೌದಿಲ್ಲೋ? ನೀ ಹೇಳಲಿ ಅಂತ ಕಾಯಾಕ ಹತ್ತಿದ್ನಿ. ಮೊದ್ಲಿಂದು ಹಂಗಾತು ಅಂತ ಅಂಜಿ ಹೇಳವಲ್ಲಿ. ಗೊತ್ತಾಗತೈತವಾ ನನಗ. ಮೈ ಹೆಂಗ ತುಂಬೇತಿ ನೋಡು."

ಬಾಯಿ ತೆರೆದೆ. ಇಲ್ಲ ಎಂದರೆ ಮುಟ್ಟು ಯಾಕೆ ನಿಂತಿದೆ ಎಂದು ಕೇಳುತ್ತಾರೆ. ಅದನ್ನು ಹೇಳಿದರೆ ಸೂಜಿಯ ಕಥೆ ಹೇಳಬೇಕು, ಅದರ ಹಿಂದೆ ಎರಡು ವರ್ಷದ ಸುಳ್ಳು ನೀರಿನ ಕಥೆ. ತೆರೆದ ಬಾಯಿ ಹಾಗೇ ಮುಚ್ಚಿದೆ. ಅತ್ತೆ ಅದನ್ನು ನಾಚಿಕೆ ಎಂದುಕೊಂಡರು. ಸಂಜೆ ಗಂಡನಿಗೆ ಹೇಳಿದೆ. "ನೀ ಏನೂ ಅನಬ್ಯಾಡ. ಅವ್ವನ ಮುಂದ ನಾ ಹೇಳತೇನಿ," ಎಂದರು. ನಾಲ್ಕು ದಿನವಾದರೂ ಹೇಳಲಿಲ್ಲ. ಅಷ್ಟರಲ್ಲಿ ಅತ್ತೆ ಸಾಲಹಳ್ಳಿಗೆ ಮಾತು ಮುಟ್ಟಿಸಿಬಿಟ್ಟಿದ್ದರು.

ಬಸವ ಜಯಂತಿ ಕಳೆದ ಮೇಲೆ, ಧಗೆಯ ಒಂದು ದಿನ, ನನ್ನ ಅವ್ವ ಮತ್ತು ಚಿಗವ್ವ ಬಸ್ಸಿನಿಂದ ಇಳಿದರು. ಬುಟ್ಟಿಯಲ್ಲಿ ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಬಾಳೆಎಲೆಯಲ್ಲಿ ಕಟ್ಟಿದ ಮೊಸರನ್ನ. ಇನ್ನೊಂದು ಗಂಟಿನಲ್ಲಿ ಹಸಿರು. ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದ ಅವ್ವನ ಕೈ ಹಿಡಿದು, "ಯವ್ವಾ, ನನಗ ಭಾಳ ಅಂಜಿಕಿ ಆಗೇತಿ, ಒಂದು ಮಾತ ಹೇಳಬೇಕು," ಎಂದೆ. ಅವ್ವ ಒದ್ದೆ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು.

"ಅಂಜಿಕಿ ಮಾತು ಇವತ್ತ ಬಾಯಾಗ ತರಬಾರದು. ಈ ಸಲ ಎಲ್ಲಾ ಚಂದ ಆಗತೈತಿ. ಸುಮ್ಮ ಕುಂಡ್ರು."

ಮಣೆಯ ಮೇಲೆ ಕೂರಿಸಿದರು. ಬಳೆಗಾರ ಇಡಿಸಿ ಹೋದ ಹಸಿರು ಬಳೆ ಮೊಣಕೈಯವರೆಗೆ. ಕುಬಸ ಹಳೆಯ ಅಳತೆಗೆ ಹೊಲಿಸಿದ್ದು, ಕಂಕುಳಲ್ಲಿ ಕಚ್ಚುತ್ತಿತ್ತು. ಗಂಜಿಯ ವಾಸನೆ, ಬೆವರು, ಒಳಗೆ ಗಾಳಿಯಿಲ್ಲ. "ತುಂಬಿದ ಮೈ, ಕುಬಸ ಸಾಲವಲ್ದು!" ಎಂದು ಚಿಗವ್ವ ನಕ್ಕಳು, ಅತ್ತೆಯೂ ನಕ್ಕರು. ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲ್ಲ ನನ್ನ ಖಾಲಿ ಹೊಟ್ಟೆಯ ಮೇಲೆ ಭಾರವಾಗಿ ಕೂತವು. ದೇವರೇ, ಇದು ನಿಜವಾಗಲಿ, ಇಲ್ಲವೇ ಈ ಮಣೆಯ ಮೇಲೆಯೇ ನನ್ನ ಜೀವ ಹೋಗಲಿ ಎಂದು ಬೇಡಿಕೊಂಡೆ. ಅಷ್ಟು ಹೆದರಿದ್ದೆ.

ಅವ್ವ ಹೊರಟ ಮೇಲೆ ಒಂದು ಕೆಟ್ಟ ಯೋಚನೆ ಬಂತು. ಬಸುರು ಇಳಿದುಹೋಯಿತು ಎಂದು ಹೇಳಿಬಿಟ್ಟರೆ? ಒಂದು ದಿನ ಅತ್ತು ಮಲಗಿದರಾಯಿತು. ಆದರೆ ಅಳದ ಆ ಮೊದಲ ಕೂಸಿನ ನೆನಪಾಯಿತು. ಒಮ್ಮೆ ನಿಜವಾಗಿ ಕಳೆದುಕೊಂಡದ್ದನ್ನು ಆಟಕ್ಕೆ ಕಳೆದುಕೊಳ್ಳಲು ನನ್ನಿಂದ ಆಗಲಿಲ್ಲ.

ಸವದತ್ತಿಗೆ ಹೋಗಿ ತೋರಿಸಿಕೊಂಡು ಬರುತ್ತೇನೆ ಎಂದೆ. "ನಾನೂ ಬರತೇನಿ," ಎಂದರು ಅತ್ತೆ. "ಮೊದ್ಲಿನ ಸಲ ನಾ ಇರಲಿಲ್ಲ. ಈ ಸಲ ಬಿಡೂದಿಲ್ಲ." ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಕುಲುಕಿದಾಗಲೆಲ್ಲ ನನ್ನ ಹೊಟ್ಟೆಯ ಮುಂದೆ ತಮ್ಮ ಕೈ ಅಡ್ಡ ಹಿಡಿಯುತ್ತಿದ್ದರು. ಆ ಕೈಯನ್ನು ನೋಡುವುದು ನನಗೆ ಶಿಕ್ಷೆಯಾಗಿತ್ತು.

ಡಾಕ್ಟರಬಾಯಿ ಒಳಗೆ ಕರೆದು ಪರೀಕ್ಷೆ ಮಾಡಿದರು. ಕೈ ತೊಳೆದು ಒರೆಸಿಕೊಳ್ಳುತ್ತ, "ಬಸುರಿಲ್ಲ," ಎಂದರು. ಗೊತ್ತಿದ್ದದ್ದೇ. ಆದರೂ ಮೇಜಿನ ಅಂಚು ಹಿಡಿದುಕೊಂಡೆ.

"ನನ್ನ ಹೊಟ್ಟಿ ಸತ್ತಹೋಗೇತೇನ್ರಿ ಬಾಯಿ?"

"ಯಾರ ಹೇಳಿದ್ರು? ಸೂಜಿ ಮೈಯಾಗಿಂದ ಇಳೀಲಿಕ್ಕೆ ಹೊತ್ತು ಹಿಡೀತದ. ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷ, ಒಬ್ಬೊಬ್ಬರಿಗೆ ಅದಕ್ಕೂ ಹೆಚ್ಚು. ನಾ ಹೇಳಿದ್ದೆ ನಿನಗ."

"ಖಂಡಿತ ಬರ್ತದೇನ್ರಿ?"

ಅವರು ಸುಳ್ಳು ಹೇಳುವವರಲ್ಲ, ಅದೇ ಕಷ್ಟ. "ಹೆಚ್ಚಿನವರಿಗೆ ಬರ್ತದ. ನಿನಗ ಯಾವ ತಿಂಗಳು ಅಂತ ನಾ ಹೆಂಗ ಹೇಳ್ಲಿ?" ಎಂದರು. ಆಮೇಲೆ ಬಾಗಿಲಿನ ಕಡೆ ನೋಡಿ ದನಿ ಇಳಿಸಿದರು. "ಹೊರಗ ನಿಮ್ಮತ್ತಿ ಕೂತಾರ. ಏನ್ ಹೇಳ್ಲಿ ಅವರಿಗೆ?"

"ನಾನ ಹೇಳತೇನ್ರಿ," ಎಂದೆ. ಆ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ, ಬಾಗಿಲು ದಾಟುವಷ್ಟರಲ್ಲಿ ಅರ್ಧ ಹೋಗಿತ್ತು.

ಬಸ್ ಸ್ಟ್ಯಾಂಡಿನ ಕಲ್ಲಿನ ಕಟ್ಟೆಯ ಮೇಲೆ, ದೇವಿಯ ಗುಡ್ಡಕ್ಕೆ ಹೋಗುವ ಜನರ ಗದ್ದಲದ ನಡುವೆ, ಎಲ್ಲವನ್ನೂ ಹೇಳಿದೆ. ಡಾಕ್ಟರಬಾಯಿ ಹಾಕಿದ ಎರಡು ವರ್ಷದ ಗಡುವು, ಸೂಜಿ, ಕ್ಯಾಲೆಂಡರು, ಸುಳ್ಳು ನೀರು. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿದರು.

"ಶಕ್ತಿ ಸೂಜಿ ಅಂದ್ರ ಇದ ಏನು?"

"ಹೂಂ."

"ನಿನ್ನ ಗಂಡಗ ಗೊತ್ತೈತಿ?"

"ಗೊತ್ತೈತ್ರಿ."

"ನನಗೊಬ್ಬಾಕಿಗೆ ಗೊತ್ತಿರಲಿಲ್ಲ," ಎಂದು ಎದ್ದು ಹೋಗಿ ಬೇರೆ ಕಟ್ಟೆಯ ಮೇಲೆ ಕೂತರು. ಬಸ್ಸಿನಲ್ಲಿಯೂ ಬೇರೆ ಸೀಟು ಹಿಡಿದರು. ಹೊಟ್ಟೆಯ ಮುಂದೆ ಕೈ ಹಿಡಿಯುವವರು ಯಾರೂ ಇರಲಿಲ್ಲ. ಓಣಿಗೆ ಬಂದಾಗ ನೆರೆಯವಳು ಬಾಗಿಲಿಗೆ ಬಂದು, "ಏನಂದ್ರ ಡಾಕ್ಟರಬಾಯಿ?" ಎಂದಳು. ಅತ್ತೆ ಚಪ್ಪಲಿ ಬಿಡುತ್ತ, ಯಾರ ಮುಖವನ್ನೂ ನೋಡದೆ, "ನನ್ನ ಲೆಕ್ಕ ತಪ್ಪಿತವಾ. ಹುಡುಗಿದೇನೂ ತಪ್ಪಿಲ್ಲ," ಎಂದು ಒಳಗೆ ನಡೆದರು. ನನ್ನ ಹಸಿರು ಕುಬಸವನ್ನು ಮಡಚಿ ತಮ್ಮ ಟ್ರಂಕಿನಲ್ಲಿ ಹಾಕಿ ಬೀಗ ಹಾಕಿದರು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು.

ಮಾತು ಬಿಟ್ಟ ಮನೆಯಲ್ಲಿ ಭಯ ಬೆಳೆಯಲು ಜಾಗ ಬೇಕಾದಷ್ಟು ಇರುತ್ತದೆ. ಕಾರ ಹುಣ್ಣಿಮೆಯ ಹೊತ್ತಿಗೆ ಅತ್ತೆಯ ತಮ್ಮ, ನಾವು ಸಂಗೊಳ್ಳಿ ಮಾವ ಎಂದು ಕರೆಯುವವರು, ಬಂದು ಅಕ್ಕನ ಜೊತೆ ನಡುಮನೆಯಲ್ಲಿ ಕೂತರು. ಚಹಾ ಒಯ್ಯುತ್ತಿದ್ದ ನಾನು ಬಾಗಿಲ ಹಿಂದೆ ನಿಂತೆ. ಕದ್ದು ಕೇಳಬಾರದು, ಕೇಳಿದೆ.

"ನಮ್ಮ ಶಾಂತಾ ಅದಾಳಕ್ಕಾ. ಹದಿನೆಂಟು ತುಂಬ್ಯಾವು. ನೀಲವ್ವನ್ನ ಹೊರಗ ಹಾಕು ಅನ್ನಂಗಿಲ್ಲ ನಾನು. ಇಬ್ಬರೂ ಇರಲಿ. ಮನಿಗೊಂದು ಕೂಸು ಬೇಕಲ್ಲ?"

ಶಾಂತಾ ಅವರ ಮಗಳು. ಒಂದು ಮದುವೆಯಲ್ಲಿ ನಾನೇ ಅವಳಿಗೆ ಜಡೆ ಹೆಣೆದಿದ್ದೆ. ಕಪ್ಪು ಬಸಿಗೆ ತಾಗಿ ಸದ್ದು ಮಾಡದಂತೆ ಬೆರಳಿಂದ ಒತ್ತಿ ಹಿಡಿದೆ.

"ವರ್ಷ ಹಿಡೀತೈತಿ ಅಂದಾರಂತ ಡಾಕ್ಟರಬಾಯಿ. ವರ್ಷ ತುಂಬ್ಲಿ," ಎಂದರು ಅತ್ತೆ. "ಗೌರಿ ಹುಣ್ಣಿಮಿಗೆ ಬಾ. ಆಗ ಹೇಳತೇನಿ."

ಅಂದು ಸಂಜೆ ಗಂಡನನ್ನು ಹಿತ್ತಿಲಿಗೆ ಕರೆದು ಕೇಳಿದೆ. "ನಾ ಒಪ್ಪೂದಿಲ್ಲ," ಎಂದರು. ಆದರೆ ಆ ಮಾತನ್ನು ನನಗೆ ಹೇಳಲಿಲ್ಲ, ನೆಲಕ್ಕೆ ಹೇಳಿದರು. ತಮ್ಮ ಅವ್ವನ ಮುಂದೆ ಒಂದು ಮಾತು ಆಡಲು ನಾಲ್ಕು ದಿನ ಸಾಲದ ಮನುಷ್ಯ. ಒಪ್ಪುವುದಿಲ್ಲ ಎಂದು ಯಾವಾಗ ಹೇಳಿಯಾರು? ಅವರು ಕೆಟ್ಟವರಲ್ಲ. ಅವರ ಹೆದರಿಕೆ ನನ್ನದಕ್ಕಿಂತ ಕಡಿಮೆ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಮಾತ್ರ ಬರುತ್ತಿರಲಿಲ್ಲ.

ಮಳೆ ಬಂತು. ಜಿನ್ನು ನಿಂತಿತು, ಹುಬ್ಬಿನ ಹತ್ತಿ ಹೋಗಿ ಗಂಡ ಮತ್ತೆ ಇಪ್ಪತ್ತಾರರವರಾದರು. ಎರೆಮಣ್ಣು ಕಾಲಿಗೆ ಅಂಟಿ ಮನೆಯೊಳಗೆಲ್ಲ ಹೆಜ್ಜೆ. ನನಗೆ ಅತ್ತ ಹೋದರೂ ಹೆದರಿಕೆ, ಇತ್ತ ಹೋದರೂ ಹೆದರಿಕೆ. ಬಸುರಾಗದಿದ್ದರೆ ಶಾಂತಾ ಬರುತ್ತಾಳೆ. ಬಸುರಾದರೆ ಮತ್ತೆ ಆ ಜೀಪು, ಆ ಮೂರು ದಿನ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಜಗಲಿಯ ಮುಂದೆ ಸುಮ್ಮನೆ ಕೈಮುಗಿದು ನಿಲ್ಲುತ್ತಿದ್ದೆ.

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಹೊಟ್ಟೆ ಹಿಂಡಿತು. ಬಚ್ಚಲಿಗೆ ಹೋಗಿ ನೋಡಿದೆ. ಕೆಂಪು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ. ಅದುವರೆಗೆ ಶಾಪವೆಂದು ಬೈದದ್ದನ್ನು ನೋಡಿ ಅಷ್ಟು ಸಂತೋಷಪಟ್ಟ ಹೆಂಗಸು ಆ ಪೇಟೆಯಲ್ಲಿ ಇನ್ನೊಬ್ಬಳಿರಲಿಲ್ಲ. ಹೊರಗೆ ಬಂದಾಗ ಗಂಗವ್ವ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿದರು, ಕೇಳಲಿಲ್ಲ. ನಾಲ್ಕನೆಯ ದಿನ ನಾನು ಏಳುವ ಮೊದಲೇ ಹಂಡೆಯ ನೀರು ಕಾದಿತ್ತು. ನನ್ನನ್ನು ಕೂರಿಸಿ, ತಂಬಿಗೆ ತುಂಬಿ, ಮೂರು ತಿಂಗಳ ಮೇಲೆ ಮೊದಲ ಮಾತು ಆಡಿದರು.

"ತಲಿ ಬಗ್ಗಸು."

ಅವರೇ ಎರೆದರು. ಸೀಗೆಕಾಯಿ ಹಚ್ಚಿ ತಿಕ್ಕಿದ ರಭಸಕ್ಕೆ ನೆತ್ತಿ ಉರಿಯಿತು. ಸಿಟ್ಟು ಇನ್ನೂ ಇತ್ತು, ಆದರೆ ಅದು ಕೈಗೆ ಇಳಿದಿತ್ತು.

ಭಾದ್ರಪದದಲ್ಲಿ ಬಂತು. ಮಹಾನವಮಿಗೆ ಮುಂಚೆ ಒಮ್ಮೆ ಬಂತು. ಪ್ರತಿ ಸಲವೂ ಒಳಗೆ ಜೀವವಿದೆ ಎಂದು ಖುಷಿ, ಈ ತಿಂಗಳೂ ನಿಲ್ಲಲಿಲ್ಲ ಎಂದು ನಡುಕ. ದೀಪಾವಳಿಯ ಹೊತ್ತಿಗೆ ಬರಬೇಕಾಗಿದ್ದು ಬರಲಿಲ್ಲ. ಗೌರಿ ಹುಣ್ಣಿಮೆಗೆ ಇನ್ನು ನಾಲ್ಕೇ ದಿನ.

ಬೇರೆ ಹೆಂಗಸರಿಗೆ ದಿನ ನಿಂತರೆ ಆಸೆ. ನನಗೆ ಅದೇ ದೊಡ್ಡ ಭಯ. ಸೂಜಿ ಮತ್ತೆ ಕದ ಹಾಕಿರಬಹುದಲ್ಲ? ಅತ್ತೆ ಎಣಿಸುತ್ತಾರೆ. ತಮ್ಮನ ಮುಂದೆ ನಮ್ಮ ನೀಲವ್ವ ಬಸುರಿ ಎಂದು ಹೇಳಿಬಿಡುತ್ತಾರೆ. ಅದೂ ಸುಳ್ಳಾದರೆ? ಇನ್ನೊಂದು ಹಸಿರು ಕುಬಸ, ಇನ್ನೊಮ್ಮೆ ಅವ್ವನ ಬುಟ್ಟಿ. ಶಾಂತಾ ಬಂದರೂ ತಡೆದುಕೊಂಡೇನು, ಅದನ್ನು ತಡೆದುಕೊಳ್ಳಲಾರೆ. ಆಣೆ ಮುರಿದೆ. "ಹೊರಗಾಗೇನ್ರಿ," ಎಂದು ಹೇಳಿ ಜಗಲಿಯಿಂದ ಮೂರು ದಿನ ಸರಿದು ನಿಂತೆ. ನಾಲ್ಕನೆಯ ದಿನ ಗೌರಿ ಹುಣ್ಣಿಮೆ. ಬೆಳಿಗ್ಗೆ ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುರುಕಿ ಬೆಂಕಿ ಹಚ್ಚಿದೆ.

ನೀರು ಬಿಸಿಯಾಗುತ್ತಿತ್ತು. ಅತ್ತೆ ಒಳಗೆ ಬಂದು ಕದ ಮುಂದೆ ಮಾಡಿದರು. ಕುಕ್ಕರುಗಾಲಲ್ಲಿ ಕೂತು, ಉರಿಯುತ್ತಿದ್ದ ಕಟ್ಟಿಗೆಗಳನ್ನು ಒಂದೊಂದಾಗಿ ಹೊರಗೆಳೆದು, ಅವುಗಳ ಮೇಲೆ ಒಂದು ತಂಬಿಗೆ ನೀರು ಸುರಿದರು. ಹೊಗೆ ಎದ್ದು ನಾವಿಬ್ಬರೂ ಕೆಮ್ಮಿದೆವು.

"ಹೋದ ವರ್ಷ ನೀರ ನೋಡಿದ್ನಿ, ಮೋಸ ಹ್ವಾದ್ನಿ," ಎಂದರು. "ಈ ವರ್ಷ ಬಟ್ಟಿ ನೋಡಾಕ ಹತ್ತೇನಿ. ಮೂರು ದಿನದಾಗ ಹಿತ್ತಲ ಹಗ್ಗದ ಮ್ಯಾಲೆ ನಿಂದೊಂದು ಬಟ್ಟಿ ಒಣಗಿಲ್ಲ. ಯಾರನ್ನ ಮಳ್ಳ ಮಾಡ್ತೀ?"

ಒದ್ದೆ ನೆಲದ ಮೇಲೇ ಕೂತೆ. "ಇದೂ ಸುಳ್ಳಾದ್ರ ಹೆಂಗ್ರಿ ಅತ್ತಿ? ನನಗ ಗೊತ್ತಿಲ್ರಿ, ಖರೇನ ಗೊತ್ತಿಲ್ಲ. ಭಾಳ ಅಂಜಿಕಿ ಆಗಾಕ ಹತ್ತೇತ್ರಿ."

"ನನಗೂ ಆಗೇತಿ," ಎಂದರು ಅತ್ತೆ. "ಸುಳ್ಳಾದ್ರ ಇಬ್ಬರಿಗೂ ಸುಳ್ಳು. ಒಬ್ಬಾಕೆನ ಹೊತಗೊಂಡು ತಿರಗಬ್ಯಾಡ. ಮ್ಯಾಲೇಳು, ನೆಲ ತಣ್ಣಗೈತಿ."

ಹೊತ್ತೇರಿದ ಮೇಲೆ ಸಂಗೊಳ್ಳಿ ಮಾವ ಆರತಿಗೆ ಸಕ್ಕರೆ ಗೊಂಬೆಗಳ ಪೊಟ್ಟಣ ಹಿಡಿದು ಬಂದರು. ಪೊಟ್ಟಣ ಅಕ್ಕನ ಕೈಗಿಟ್ಟು, ಉತ್ತರಕ್ಕೆ ಕಾದು ನಿಂತರು. ನಾನು ಅಡುಗೆಮನೆಯ ಹೊಸ್ತಿಲಲ್ಲಿದ್ದೆ. ಈ ಸಲ ಬಾಗಿಲ ಹಿಂದೆ ನಿಲ್ಲಲಿಲ್ಲ.

"ಶಾಂತಾಗ ಬ್ಯಾರೆ ಕಡೆ ನೋಡು ತಮ್ಮಾ," ಎಂದರು ಅತ್ತೆ.

ಮಾವ ನನ್ನ ಕಡೆ ನೋಡಿದರು. "ಯಾಕಕ್ಕಾ, ನೀಲವ್ವಗ ದಿನ ನಿಂತಾವೇನು?"

"ಅದು ನನಗ ಗೊತ್ತಿಲ್ಲ. ನೀ ಬ್ಯಾರೆ ಕಡೆ ನೋಡು."

ಒಳಗೆ ಊಟಕ್ಕೆ ಕೂತಿದ್ದ ನನ್ನ ಗಂಡ, ಎಂದೂ ದನಿ ಎತ್ತದ ಮನುಷ್ಯ, ಅಲ್ಲಿಂದಲೇ "ಹೌದು ಮಾಮಾ, ಬ್ಯಾರೆ ಕಡೆ ನೋಡ್ರಿ," ಎಂದರು. ಎಲ್ಲ ಮುಗಿದ ಮೇಲೆ ಬಂದ ಧೈರ್ಯ, ಆದರೂ ಬಂತು.

ದಿನ ನಿಂತದ್ದು ನಿಜವೇ ಆಗಿತ್ತು. ಮುಂದಿನ ವಾರ ಒಗ್ಗರಣೆಯ ವಾಸನೆಗೆ ಹಿತ್ತಿಲಿಗೆ ಓಡಿದೆ. ಆದರೂ ಅತ್ತೆ ಯಾರಿಗೂ ಹೇಳಲಿಲ್ಲ, ಕಳ್ಳ ಕುಬಸ ಬೇಡವೆಂದು ಸಾಲಹಳ್ಳಿಗೆ ಹೇಳಿ ಕಳಿಸಿದರು. ಏಳನೆಯ ತಿಂಗಳಲ್ಲಿ ಒಂದು ದಿನ ಟ್ರಂಕಿನ ಬೀಗ ತೆಗೆದು ಅದೇ ಹಸಿರು ಕುಬಸ ಹೊರಗೆ ತೆಗೆದರು. ಬೆಳಕಿಗೆ ಹಿಡಿದು ಕಂಕುಳಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆ ಬಿಟ್ಟು, ತಾವೇ ಕೈಹೊಲಿಗೆ ಹಾಕಿದರು. ತೊಟ್ಟಾಗ ಮೈಗೆ ಸರಿಯಾಗಿ ಕೂತಿತು. ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಭಯ ಮಾತ್ರ ಕೊನೆಯ ದಿನದವರೆಗೂ ಬಿಡಲಿಲ್ಲ. ಆಷಾಢದಲ್ಲಿ, ನೋವು ಬರುವ ಎಂಟು ದಿನ ಮೊದಲೇ, ಅತ್ತೆ ನನ್ನನ್ನು ಸವದತ್ತಿಗೆ ಕರೆದುಕೊಂಡು ಹೋಗಿ ದವಾಖಾನೆಯ ಪಡಸಾಲೆಯಲ್ಲಿ ಚಾಪೆ ಹಾಸಿಬಿಟ್ಟರು. ಬಸ್ಸಿನಲ್ಲಿ ಅವರ ಕೈ ದಾರಿಯುದ್ದಕ್ಕೂ ನನ್ನ ಹೊಟ್ಟೆಯ ಮುಂದೆ ಅಡ್ಡ ಇತ್ತು. ನೋವು ಒಂದು ಹಗಲು ನಡೆಯಿತು. ನಾನು ಉಳಿದ ಎಲ್ಲ ಸದ್ದನ್ನೂ ಬಿಟ್ಟು ಒಂದೇ ಸದ್ದಿಗೆ ಕಿವಿ ತೆರೆದು ಮಲಗಿದ್ದೆ. ಸಂಜೆಯಾಗುತ್ತಿದ್ದಂತೆ ಕೂಸು ಅತ್ತಿತು. ಹೆಣ್ಣು ಎಂದರು ಡಾಕ್ಟರಬಾಯಿ. ಗೋಡೆಯಾಚೆ ಯಾರೋ ಕದ ಬಡಿಯತೊಡಗಿದರು.

"ಬಾಯಿ, ಅತ್ತಿತೇನ್ರಿ?" ಅದು ಗಂಗವ್ವ ಅತ್ತೆಯ ದನಿ. "ಖರೇನ ಅತ್ತಿತೇನ್ರಿ? ಇನ್ನೊಮ್ಮಿ ಅಳಸ್ರಿ. ನಾ ಇನ್ನೊಮ್ಮಿ ಕೇಳಬೇಕು."